ಭಂಡಾರದ ಮೇಲೆ ಹೊರಿಸಿದ ಬೂಷ್ಟು

ವಿಭಾಗದ ಪ್ರಯೋಗಾಲಯಗಳ ಮುಖ್ಯಾಧಿಕಾರಿಗಳೇ,

ಮಾನ್ಯರೇ, ಯೆಣೆಗೂರಿನ ಕುರಿಗಾರ ಮನೆತನದ ಮಲಕಮ್ಮನವರ ಎಡಗಣ್ಣು ಬೂಷ್ಟಿನ ಸೋಂಕಿಗೆ ಹೋಯಿತು. ಆ ಪಾಪ ನನ್ನದು. ಸೋಂಕು ಈಗ ಬಲಗಣ್ಣಿನತ್ತ ಹರಿಯುತ್ತಿದೆ. ಆ ಕಣ್ಣು ನಿಮ್ಮ ಒಂದು ಸಹಿಗೆ ಕಾಯುತ್ತಿದೆ.

ನಾನು ಉಮರ್ಗಾದ ಒಂದು ಪ್ರಯೋಗಾಲಯದ ತಂತ್ರಜ್ಞ. ಶ್ರಾವಣದಲ್ಲಿ ಅವರ ಮೂಗಿನಿಂದ ತೆಗೆದ ಮಾದರಿ ನನ್ನ ಮುಂದೆ ಬಂತು. ಬಾಟಲಿಯ ಮುಚ್ಚಳಕ್ಕೆ ಕುರಿಗಾರರ ದೇವರು ಬೀರಪ್ಪನ ಭಂಡಾರದ ಅರಿಶಿನ ಪುಡಿ ಮೆತ್ತಿತ್ತು. ಮೂರನೆಯ ದಿನ ಮಾದರಿ ಬೆಳೆಸುವ ಪ್ಲೇಟಿನಲ್ಲಿ ಹಳದಿ ಹಸಿರು ಬೂಷ್ಟು ಎದ್ದಿತು. ನಾನೂ ಬೀರಪ್ಪನ ಒಕ್ಕಲು. ಮಳೆಗಾಲದಲ್ಲಿ ಹಳೆಯ ಭಂಡಾರಕ್ಕೆ ಬೂಷ್ಟು ಹಿಡಿಯುವುದನ್ನು ಚಿಕ್ಕಂದಿನಿಂದ ಕಂಡವನು. ಬೇರೆ ಕಡೆಯವನಾಗಿದ್ದರೆ ಅನುಮಾನಪಟ್ಟು ಇನ್ನೊಮ್ಮೆ ಬೆಳೆಸಿ ನೋಡುತ್ತಿದ್ದ. ನಾನು ಎಲ್ಲ ತಿಳಿದವನಲ್ಲವೇ! ಭಂಡಾರದ್ದೇ ಬೂಷ್ಟು ಎಂದುಕೊಂಡು, ‘ಹೊರಗಿನಿಂದ ಬಿದ್ದದ್ದು’ ಎಂದು ಬರೆದು ಪ್ಲೇಟನ್ನು ನಾಶಮಾಡಿದೆ. ಎರಡನೆಯ ಮಾದರಿಯಲ್ಲೂ ಅದೇ ಎದ್ದಾಗ ಅದು ಸೋಂಕೇ ಎಂದು ವರದಿ ಬರೆದೆ. ಅಷ್ಟರಲ್ಲಿ ಹನ್ನೊಂದು ದಿನ ಔಷಧಿಯಿಲ್ಲದೆ ಕಳೆದಿದ್ದವು.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದ ಮಲಕಮ್ಮನವರು ನನಗೇ ಸಮಾಧಾನ ಹೇಳಿದರು: “ನಿಂದೇನ್ ತಪ್ಪದ ತಮ್ಮಾ? ಭಂಡಾರದ ಕೈಲೆ ಬಾಟ್ಲಿ ಹಿಡದಾಕಿ ನಾನೇ. ಈಗ ಹಚ್ಕೊಳ್ಳೋದೇ ಬಿಟ್ಟೀನಿ.” ನಾನು ನಿಜ ಹೇಳಲಿಲ್ಲ. ಹೌದೆಂಬಂತೆ ತಲೆಯಾಡಿಸಿದೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಬೀಳಲಿ!

ಈಗ ನಿಮ್ಮ ಪಾಲಿಗೆ ಬರೋಣ. ಒಂದೇ ಔಷಧಿಗೆ ಈ ಬೂಷ್ಟು ಜಗ್ಗುತ್ತಿಲ್ಲ. ಡಾಕ್ಟರು ಎರಡನ್ನು ಕೂಡಿಸಿ ಕೊಡಬೇಕೆನ್ನುತ್ತಾರೆ. ಕೂಡಿದರೆ ಒಂದಕ್ಕೊಂದು ಬಲ ಕೊಡಬಹುದು, ಇಲ್ಲವೇ ಒಂದು ಇನ್ನೊಂದರ ಕಾಲೆಳೆಯಬಹುದು. ಅದನ್ನು ಇದೇ ಬೂಷ್ಟಿನ ಮೇಲೆ ಮೊದಲು ಪರೀಕ್ಷಿಸಬೇಕು. ಆ ಅನುಕೂಲ ನಿಮ್ಮ ಕೇಂದ್ರದಲ್ಲಿದೆ. ತಮ್ಮ ಉತ್ತರವೋ ಅಮೋಘ: ‘ಜೋಡಿ ಔಷಧಿಗಳ ಪರೀಕ್ಷೆಗೆ ನಿಗದಿತ ನಮೂನೆ ಇಲ್ಲ. ಒಂದೊಂದರ ವರದಿ ಸಾಕು.’ ಯಾರಿಗೆ ಸಾಕು, ಮಾನ್ಯರೇ? ಉದಗೀರದ ಸಂತೆಯಲ್ಲಿ ಎತ್ತು ಕೊಳ್ಳುವವನೂ ಜೋಡಿ ಕಟ್ಟಿ ನಡೆಸಿ ನೋಡುತ್ತಾನೆ. ಮನುಷ್ಯರ ಕಣ್ಣಿಗೆ ಅಷ್ಟೂ ಬೇಡವೇ?

ಬೂಷ್ಟು ನಮ್ಮ ಫ್ರಿಜ್‌ನಲ್ಲಿ ಜೀವಂತವಾಗಿದೆ. ನಮೂನೆ ಇಲ್ಲದಿದ್ದರೆ ಬಿಳಿ ಹಾಳೆಯ ಮೇಲೆ ಆದೇಶ ಬರೆಯಿರಿ. ಈ ವಾರವೇ ಪರೀಕ್ಷೆ ನಡೆಯಲಿ. ವಿಳಂಬದ ಕಾರಣವೆಂದು ನನ್ನ ಹೆಸರು ಹಾಕಿ. ಶಿಕ್ಷೆಗೆ ಸಿದ್ಧನಿದ್ದೇನೆ.

ನಿನ್ನೆ ಯೆಣೆಗೂರಿಗೆ ಹೋಗಿ ಮಲಕಮ್ಮನವರಿಗೆ ಎಲ್ಲ ಹೇಳಿದೆ. ಅವರು “ಕಣ್ಣ ಹೋದ್ರ ಹೋಯ್ತು. ದೇವರ ಮ್ಯಾಲ ಯಾಕ ಹಾಕ್ದಿ ತಮ್ಮಾ?” ಎಂದರು. ಅವರ ಬಲಗಣ್ಣಿಗೆ ನಿಮ್ಮಲ್ಲಾದರೂ ಒಂದು ಉತ್ತರ ಇರಲಿ.

ಇಂತಿ,
ಎಲ್ಲ ತಿಳಿದವನೆಂದುಕೊಂಡಿದ್ದ
ಉಮಾಕಾಂತ, ಉಮರ್ಗಾ