ಹನ್ನೆರಡನೆಯ ಸೀಸೆಯ ಹಾಲು

ಅತ್ತೆಯವರಿಗೆ ನಮಸ್ಕಾರ. ಹಾಲಿನ ಹನಿಯನ್ನು ಉಗುರಿನ ಮೇಲೆ ಬಿಟ್ಟು, ಕಣ್ಣನ್ನು ಮಾತ್ರ ಹಾಲಿನವನ ಮುಖದ ಮೇಲಿಡುವ ನಿಮ್ಮ ಚಾಳಿ ನನಗೂ ಅಂಟಿದೆ.

ಹಾಲಿನ ವಿಟಮಿನ್ ಅಳೆಯಲು, ನಾನು ತಪಾಸಣೆಗೆ ಬಂದಿರುವ ಈ ಪ್ರಯೋಗಾಲಯದಲ್ಲಿ ಎರಡು ದಾರಿ. ಹಿರಿಯರೊಬ್ಬರು ಗಾಜಿನ ಕೊಳವೆಗಳಲ್ಲಿ ಸೂಕ್ಷ್ಮಜೀವಿ ಬೆಳೆಸಿ ಮೂರು ದಿನಕ್ಕೆ ಅಂಕಿ ಕೊಡುತ್ತಾರೆ. ಪಕ್ಕದ ಕೋಣೆಯ ಹೊಸ ಯಂತ್ರ ಒಂದೇ ಗಂಟೆಯಲ್ಲಿ ಕೊಡುತ್ತದಂತೆ. ಎರಡೂ ತಾಳೆಯಾದರೆ ಹಿರಿಯರ ಮೇಜು ಎತ್ತಿಸಬಹುದು ಎಂದು ನಾನು ಸಹಿ ಹಾಕಬೇಕು.

ಆದರೆ ಯಂತ್ರದ ಚೀಟಿ ಬರುವುದು ಹಿರಿಯರು ಪುಸ್ತಕದಲ್ಲಿ ಬರೆದ ಮೇಲೆಯೇ. ಇದುವರೆಗೆ ಇಬ್ಬರಿಗೂ ಕೊಟ್ಟ ಹನ್ನೊಂದು ಸೀಸೆ ಹಾಲಿನಲ್ಲೂ ಎರಡು ಅಂಕಿಗಳಿಗೆ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಕೇಳಿದರೆ ಯಂತ್ರದವನು, "ಒಳ್ಳೇ ಯಂತ್ರ ಅಂದ್ರೆ ಹಾಗೇ ಮೇಡಂ" ಅಂದ. ಮುಟ್ಟಿ ನೋಡಿದೆ, ಯಂತ್ರ ತಣ್ಣಗಿತ್ತು.

ಬೆಳಕು ತಾಗಬಾರದೆಂದು ಇಲ್ಲಿ ಹಾಲನ್ನು ಕಂದು ಸೀಸೆಯಲ್ಲಿಡುತ್ತಾರೆ, ಒಳಗಿರುವುದು ಹೊರಗೆ ಕಾಣದು. ಹನ್ನೆರಡನೆಯದಕ್ಕೆ ನಲ್ಲಿ ನೀರು ತುಂಬಿ ಇಬ್ಬರಿಗೂ ಕೊಟ್ಟೆ. ಹಿರಿಯರಿಗೆ ಮಾತ್ರ ಗುಟ್ಟು ಹೇಳಿ, ಪುಸ್ತಕದಲ್ಲಿ ಹಾಲಿನ ಅಂಕಿಯನ್ನೇ ಬರೆಯಿರಿ ಎಂದೆ. "ಮೂವತ್ನಾಲ್ಕು ವರ್ಷದಲ್ಲಿ ಮೊದಲ್ನೇ ಸುಳ್ಳು, ಅದನ್ನೂ ನನ್ನ ಕೈಲೇ ಬರೆಸ್ತಿದ್ದೀರಿ" ಎಂದು ಗೊಣಗುತ್ತಲೇ ಬರೆದರು.

ನನ್ನ ಗಂಟಲು ನೋವು ವಾಸಿಯಾಗಿದೆ, ನಿಮ್ಮ ಮಗನಿಗೂ ಹೇಳಿ. ಈ ಕಾರ್ಡನ್ನು ಆಫೀಸಿನ ಟಪಾಲಿಗೆ ಕೊಡದೆ ಬೀದಿಯ ಅಂಚೆ ಡಬ್ಬಕ್ಕೆ ನಾನೇ ಹಾಕುತ್ತೇನೆ.

ಜಾಗ ಮುಗಿಯಿತು. ಯಂತ್ರದ ಚೀಟಿ ಈಗಷ್ಟೇ ಬಂತು: ಇಲ್ಲಿನ ನಲ್ಲಿ ನೀರಿನಲ್ಲಿ ಹಾಲಿನಷ್ಟೇ ವಿಟಮಿನ್ ಇದೆಯಂತೆ. ವರದಿಗೆ ಸಹಿ ಹಾಕಿಲ್ಲ, ಈ ಕಾರ್ಡಿಗೆ ಹಾಕುತ್ತಿದ್ದೇನೆ.

ನಿಮ್ಮ ಸೊಸೆ