ಸಾಡೊ ತಲುಪಿತಂತೆ

ಪ್ರೀತಿಯ ಲಿಲ್ಲಿಬಾಯಿ,

ಹೇಗಿದ್ದೀರಿ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ನೀವು ತೀರಿಕೊಂಡು ವರ್ಷದ ಮೇಲಾಯಿತು. ಶಿರ್ವದ ಇಗರ್ಜಿಯ ಹಿಂದೆ ನಿಮ್ಮನ್ನು ಮಣ್ಣು ಮಾಡಿದ್ದನ್ನು ನಾನು ಮಸ್ಕತ್ತಿನಲ್ಲಿ ಕೂತು ಫೋನಿನಲ್ಲಿ ನೋಡಿದ್ದೇನೆ. ಆದರೂ ಕೆಲವು ತಿಂಗಳ ಹಿಂದೆ ಕೊರಿಯರ್ ಕಂಪನಿಯಿಂದ ನನಗೊಂದು ಸಂದೇಶ ಬಂತು: 'ನಿಮ್ಮ ಪಾರ್ಸೆಲ್ ತಲುಪಿದೆ. ಪಡೆದುಕೊಂಡವರು: ಲಿಲ್ಲಿ.' ವಾದಿ ಅದಾಯ್‌ನ ನಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಹಾಗೆಯೇ ನಿಂತುಬಿಟ್ಟೆ. ಸಾಸಿವೆ ಸೀದು ಹೊಗೆಯೆದ್ದರೂ ಗೊತ್ತಾಗಲಿಲ್ಲ. ಇಲ್ಲದವರ ಹೆಸರನ್ನು ಹೀಗೆ ಬರೆಯಲು ಒಬ್ಬ ಮನುಷ್ಯನಿಗೆ ಕೈ ಹೇಗೆ ಬರುತ್ತದೆ ಬಾಯಿ?

ನಿಮಗೆ ಗೊತ್ತಿಲ್ಲದ ಸುದ್ದಿಯಿಂದಲೇ ಶುರುಮಾಡುತ್ತೇನೆ. ಒಂದು ಶುಕ್ರವಾರ ಬೆಳಿಗ್ಗೆ ನಿಮ್ಮ ರೆನಿಟಾ ಇಂಗ್ಲೆಂಡಿನಿಂದ ಫೋನ್ ಮಾಡಿ, ಮದುವೆ ನಿಶ್ಚಯವಾಯಿತು ಅಂದಳು. ಹುಡುಗ ಟೋನಿ, ಕೊಟ್ಟಾಯಂ ಕಡೆಯವನು, ಅವಳದೇ ಆಸ್ಪತ್ರೆಯಲ್ಲಿ ನರ್ಸ್. ನಾನು ಅಡುಗೆ ಬಿಟ್ಟು ಕೂತು ಎಲ್ಲ ಕೇಳಿಸಿಕೊಂಡೆ. ಕೊನೆಗೆ ಅವಳ ದನಿ ಸಣ್ಣದಾಯಿತು. "ಆಂಟಿ, ಮಮ್ಮಿಯ ಸಾಡೊ ನಿಮ್ಮ ಹತ್ರವೇ ಉಂಟಲ್ಲ? ನನಗೆ ಅದೇ ಆಗ್ಬೇಕು. ಬೇರೆ ಎಂತದೂ ಬೇಡ."

ಇಲ್ಲಿನ ನಿಮ್ಮ ಫ್ಲಾಟ್ ಖಾಲಿ ಮಾಡಿದ ದಿನ ಆ ಮದುವೆ ಸೀರೆಯನ್ನು ನಾನೇ ಮನೆಗೆ ತಂದಿದ್ದೆ. ನಾವಿಬ್ಬರೂ ಕೆಲಸ ಮಾಡಿದ ಖುರುಮ್‌ನ ಇಂಗ್ಲಿಷ್ ಕಂಪನಿ ಅಂಗಡಿಯ ಬೂಟಿನ ಪೆಟ್ಟಿಗೆಯಲ್ಲಿ, ಬಿಳಿ ಮಲ್ಲು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಿರಿ. ಮುಚ್ಚಳದ ಮೇಲೆ ನಿಮ್ಮದೇ ಕೈಬರಹದಲ್ಲಿ ದಪ್ಪಗೆ ನಿಮ್ಮ ಹೆಸರು. ಆ ಪೆಟ್ಟಿಗೆಯನ್ನು ಬದಲಿಸಲು ನನಗೆ ಮನಸ್ಸು ಬರಲಿಲ್ಲ. ಕೊರಿಯರ್ ಆಫೀಸಿನವನು ಅದನ್ನು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಒಂದು ಬದಿಗೆ ರೆನಿಟಾಳ ವಿಳಾಸ ಅಂಟಿಸಿದ. ಹುಷಾರು, ಇದು ಇನ್ನೊಂದು ಸಿಗುವ ವಸ್ತುವಲ್ಲ ಎಂದು ನಾನು ಹೇಳಿದ್ದಕ್ಕೆ ಅವನು ನಕ್ಕು ತಲೆಯಾಡಿಸಿದ್ದ.

ಸಂದೇಶ ಬಂದ ತಕ್ಷಣ ರೆನಿಟಾಳಿಗೆ ಫೋನ್ ಮಾಡಿದೆ. ಅವಳು ಇಡೀ ದಿನ ಡ್ಯೂಟಿಯಲ್ಲಿದ್ದಳು, ಮನೆಯಲ್ಲಿ ಯಾರೂ ಇರಲಿಲ್ಲ, ಬಾಗಿಲಲ್ಲಿ ಒಂದು ಚೀಟಿಯೂ ಇಲ್ಲ. ಅಕ್ಕಪಕ್ಕದವರಿಗೂ ಗೊತ್ತಿಲ್ಲ. ಮಮ್ಮಿಯ ಹೆಸರು ಯಾಕೆ ಬಂತು ಆಂಟಿ ಎಂದು ಕೇಳುತ್ತಾ ಕೇಳುತ್ತಾ ಅವಳು ಅಳತೊಡಗಿದಳು. ಮರುದಿನ ಕೊರಿಯರ್ ಆಫೀಸಿಗೆ ಹೋದರೆ ಅದೇ ಹುಡುಗ ಪರದೆಯನ್ನು ನನ್ನ ಕಡೆ ತಿರುಗಿಸಿದ. ಡೆಲಿವರ್ಡ್ ಮೇಡಂ, ಖಲಾಸ್. ಈ ಹೆಸರಿನವರು ತೀರಿಕೊಂಡು ವರ್ಷವಾಯಿತಪ್ಪಾ ಎಂದು ನಾನು ಹಿಂದಿಯಲ್ಲಿ ಹೇಳಿದೆ. ಅವನು ಒಂದು ಗಳಿಗೆ ಯೋಚಿಸಿ, ಹಾಗಾದರೆ ಬೇರೆ ಲಿಲ್ಲಿ ಇರಬಹುದು ಅಂದ.

ಬೇರೆ ಲಿಲ್ಲಿ!

ಅಲ್ಲಿಂದ ಕದಲುವುದಿಲ್ಲ ಎಂದು ನಾನು ಕುರ್ಚಿಯಲ್ಲಿ ಕೂತೆ. ಕೊನೆಗೆ ಅವನ ಮೇಲಿನವರು ಎಲ್ಲಿಂದಲೋ ಒಂದು ಫೋಟೋ ತರಿಸಿಕೊಟ್ಟರು. ಪಾರ್ಸೆಲ್ ಇಳಿಸಿದವನು ಗುರುತಿಗೆ ತೆಗೆದದ್ದು. ಒಂದು ಕೌಂಟರಿನ ಮೇಲೆ ನಮ್ಮ ಪೆಟ್ಟಿಗೆ. ಅದರ ಪಕ್ಕದಲ್ಲಿ ಮಕ್ಕಳ ಪಾದ ಅಳೆಯುವ ಹಲಗೆ, ಹಿಂದೆ ಹಸಿರು ಗಿಡ್ಡ ಸ್ಟೂಲು, ಗೋಡೆಯಲ್ಲಿ ನಮ್ಮದೇ ಬೋರ್ಡು. ಮನೆಗೆ ಬಂದು ಗಂಡ ಉಮೇಶರಿಗೆ, ಇದು ನಮ್ಮ ಅಂಗಡಿ ಎಂದು ತೋರಿಸಿದೆ. ಅವರು ಜ್ವರ ಬಂದಿದೆಯೋ ಎಂದು ನನ್ನ ಹಣೆ ಮುಟ್ಟಿ ನೋಡಿದರು. ನನ್ನ ತಲೆ ಸರಿಯಾಗಿಯೇ ಇತ್ತು. ಅದು ರೆನಿಟಾ ಇರುವ ಊರಿನಲ್ಲಿ ನಮ್ಮ ಕಂಪನಿಯದೇ ಅಂಗಡಿ. ವ್ಯಾಪಾರ ಕುಸಿದ ಮೇಲೆ ಅಲ್ಲಿನ ಅಂಗಡಿಗಳು ಕೊರಿಯರ್‌ನವರ ಪಾರ್ಸೆಲ್ಲುಗಳನ್ನೂ ಇಟ್ಟುಕೊಳ್ಳುತ್ತವಂತೆ. ಮನೆಯಲ್ಲಿ ಯಾರೂ ಇಲ್ಲದ್ದಕ್ಕೆ ಅಲ್ಲಿ ಬಿಸಾಡಿ, ಮುಚ್ಚಳದ ಮೇಲೆ ಕಂಡ ಹೆಸರನ್ನೇ ಬರೆದು ಆ ಮನುಷ್ಯ ಹೊರಟುಹೋಗಿದ್ದ.

ನಮ್ಮ ಸ್ಟಾಫ್ ರೂಮಿನ ಗೋಡೆಯಲ್ಲಿದ್ದ ಆ ದೊಡ್ಡ ಚಿತ್ರ ನಿಮಗೆ ನೆನಪಿರಲೇಬೇಕು. ಇಂಗ್ಲೆಂಡಿನ ಪೇಟೆಬೀದಿ, ಎರಡೂ ಬದಿ ದೀಪ ಹಚ್ಚಿದ ಅಂಗಡಿಗಳು, ಮಧ್ಯದಲ್ಲಿ ನಮ್ಮದು. ಹೈ ಸ್ಟ್ರೀಟ್ ಅಂದರೆ ಇದು ಎಂದು ಟ್ರೇನಿಂಗಿಗೆ ಬಂದ ಬಿಳಿ ಮೇಡಂ ಹೇಳಿಕೊಟ್ಟಿದ್ದರು. ಚಾ ಕುಡಿಯುತ್ತಾ ನೀವು ಅದನ್ನೇ ನೋಡುತ್ತಿದ್ದಿರಿ. "ಒಂದು ಸಲ ಹೋಗ್ಬೇಕು ಮಾರಾಯ್ತಿ. ನಮ್ಮ ತವರುಮನೆ ಅಲ್ವಾ ಅದು?" ಎಂದಿದ್ದಿರಿ. ರಜೆ ಸಿಕ್ಕಾಗಲೆಲ್ಲ ಊರಿನಲ್ಲಿ ಏನಾದರೊಂದು ಕೆಲಸ, ರೆನಿಟಾಳ ಓದು, ಆಮೇಲೆ ನಿಮ್ಮ ಕಾಯಿಲೆ... ಹೋಗಲಾಗಲೇ ಇಲ್ಲ.

ಹೋಗದಿದ್ದದ್ದೇ ಒಳ್ಳೆಯದಾಯಿತೇನೋ. ಆ ಫೋಟೋ ಕಳಿಸಿದ ನಾಲ್ಕೈದು ದಿನಕ್ಕೆ, ರಜೆ ಸಿಕ್ಕ ಕೂಡಲೇ, ರೆನಿಟಾ ಆ ಬೀದಿಯಿಂದಲೇ ವಿಡಿಯೋ ಕಾಲ್ ಮಾಡಿದಳು. ಬ್ಯಾಂಕಿನ ಬಾಗಿಲಿಗೆ ಹಲಗೆ ಹೊಡೆದಿದ್ದರು. ಬಟ್ಟೆಯಂಗಡಿಯ ಗಾಜಿಗೆ ಒಳಗಿನಿಂದ ಕಾಗದ. ಬೇಕರಿಯ ಮೆಟ್ಟಿಲ ಮೇಲೆ ಒಬ್ಬ ಮನುಷ್ಯ ಹೊದ್ದು ಮಲಗಿದ್ದ. ಮಟಮಟ ಮಧ್ಯಾಹ್ನ, ಬೀದಿಯಲ್ಲಿ ಜನವೇ ಇಲ್ಲ. ನಮ್ಮ ಅಂಗಡಿಗೂ ಬೀಗ. ಕಂಪನಿ ದಿವಾಳಿಯೆದ್ದಿದೆ ಎಂಬ ನೋಟೀಸು ಗಾಜಿನ ಮೇಲಿತ್ತು. ಪಾರ್ಸೆಲ್ ಇಳಿಸಿದ ಮಾರನೇ ದಿನವೇ ಮುಚ್ಚಿದ್ದರು. "ಮಮ್ಮಿ ಹೇಳ್ತಿದ್ದ ಬೀದಿ ಇದೇನಾ ಆಂಟಿ?" ಎಂದು ಕೇಳಿದಳು. ಎಲ್ಲರೂ ಫೋನಿನಲ್ಲೇ ಕೊಳ್ಳುವುದಂತೆ, ಎಲ್ಲವೂ ಮನೆಗೇ ಬರುವುದಂತೆ. ಮನೆಗೆ ಬರುವುದು ಹೀಗೆಯೇ?

ರೆನಿಟಾ ನಿಮ್ಮ ಮಗಳೇ. ಹಿಂದಿನ ಓಣಿಗೆ ಹೋಗಿ ಕಬ್ಬಿಣದ ಬಾಗಿಲು ಬಡಿದಳು. ಬಹಳ ಹೊತ್ತಿನ ಮೇಲೆ ಒಬ್ಬರು ವಯಸ್ಸಾದ ಹೆಂಗಸು ತೆರೆದರು. ಜೀನ್ ಎಂದು ಹೆಸರು, ಅಲ್ಲಿನ ಸೂಪರ್‌ವೈಸರ್ ಆಗಿದ್ದವರು, ಉಳಿದ ಸರಕು ಕಟ್ಟಿಕೊಡಲು ಬಂದಿದ್ದರು. ಒಳಗೆ ಗಿರಾಕಿಗಳು ಕೂರುವ ಬೆಂಚುಗಳ ಮೇಲೆಲ್ಲ ಯಾರುಯಾರದೋ ಪಾರ್ಸೆಲ್ಲುಗಳ ರಾಶಿ. ಎಷ್ಟು ಸಲ ಫೋನ್ ಮಾಡಿದರೂ ಕೊರಿಯರ್‌ನವರು ಅವನ್ನು ಒಯ್ಯಲು ಬಂದಿಲ್ಲವಂತೆ. ರಾಶಿಯ ಅಡಿಯಲ್ಲಿ ನಿಮ್ಮ ಪೆಟ್ಟಿಗೆ ಜಜ್ಜಿಹೋಗಿತ್ತು, ವಿಳಾಸದ ಚೀಟಿ ಹರಿದಿತ್ತು. ಸೀರೆಯ ಒಂದು ಮಡಿಕೆಗೆ ನೀರು ತಾಗಿ ಕೆಂಪು ಬಣ್ಣ ಸ್ವಲ್ಪ ಜರಿಗೆ ಇಳಿದಿತ್ತು. ಅಷ್ಟೇ, ದೇವರ ದಯೆ.

ಆದರೆ ನನ್ನ ಎದೆಗೆ ನಾಟಿದ್ದು ಬೇರೆ. ಜೀನ್ ಆ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ನಮ್ಮದೇ ಪೆಟ್ಟಿಗೆ, ಎಲ್ಲಿಂದ ಬಂತು ಎಂದು ಕೇಳಿದರಂತೆ. ಓಮಾನಿನಲ್ಲಿ ನಮ್ಮಮ್ಮ ನಿಮ್ಮ ಅಂಗಡಿಯಲ್ಲೇ ಇದ್ದರು ಎಂದಳಂತೆ ರೆನಿಟಾ. ಅವರಿಗೆ ನಂಬಿಕೆಯೇ ಬರಲಿಲ್ಲ. ಆ ದೇಶದಲ್ಲಿ ನಮ್ಮ ಅಂಗಡಿಯಿತ್ತೇ, ಯಾರೂ ನಮಗೆ ಹೇಳಲೇ ಇಲ್ಲವಲ್ಲ, ಎಂದು ಪಾರ್ಸೆಲ್ಲುಗಳ ನಡುವೆಯೇ ಕೂತುಬಿಟ್ಟರಂತೆ. ನಾವು ಅವರ ಬೀದಿಯ ಚಿತ್ರವನ್ನು ನೋಡುತ್ತಾ ಅಷ್ಟು ವರ್ಷ ಚಾ ಕುಡಿದೆವು. ಅವರಿಗೆ ನಾವಿರುವುದೇ ಗೊತ್ತಿರಲಿಲ್ಲ ಬಾಯಿ.

ಮದುವೆಗೆ ಹೋಗಲು ನನಗೆ ವೀಸಾ ಸಿಗಲಿಲ್ಲ. ಇಗರ್ಜಿಯಲ್ಲಿ ಬಿಳಿ ಗೌನು, ಆಮೇಲೆ ಊಟಕ್ಕೆ ಸಾಡೊ ಎಂದು ಮಾತಾಗಿತ್ತು. ಸೀರೆ ಉಡಿಸಬೇಕಿದ್ದ ಗೆಳತಿಯನ್ನು ಆಸ್ಪತ್ರೆಯವರು ಆ ದಿನವೇ ಡ್ಯೂಟಿಗೆ ಕರೆಸಿಕೊಂಡರು. ಆಗ ನೆರವಿಗೆ ಬಂದವರು ಯಾರು ಗೊತ್ತೇ? ಜೀನ್. ಅತಿಥಿಯಾಗಿ ಬಂದವರು ಮದುವೆ ಹಾಲ್‌ನ ಹಿಂದಿನ ಕೋಣೆಯಲ್ಲಿ ಕನ್ನಡಕ ಏರಿಸಿಕೊಂಡು ನಿಂತರು. ಟೋನಿಯ ತಂಗಿ ಫೋನ್ ಹಿಡಿದಳು. ನಾನು ಇಲ್ಲಿಂದ ನನ್ನ ಮುರುಕು ಇಂಗ್ಲಿಷಿನಲ್ಲಿ, ನೆರಿಗೆ ಹೀಗೆ ಹಿಡಿಯಿರಿ, ಬಿಡಬೇಡಿ, ಬಣ್ಣ ಇಳಿದದ್ದು ಒಳಗೆ ಹೋಗಲಿ ಎಂದು ಹೇಳುತ್ತಾ ಹೋದೆ. ಬಿಳಿ ಹೆಂಗಸಿನ ಬೆರಳ ಸಂದಿಯಲ್ಲಿ ನಿಮ್ಮ ಸಾಡೊ. ಸೀರೆ ನಿಂತಿತು. ರೆನಿಟಾ ತಲೆಯೆತ್ತಿದಳು. ಥೇಟ್ ನೀವೇ.

ಖುರುಮ್‌ನ ಸುದ್ದಿಯನ್ನೂ ಹೇಳಲೇಬೇಕು. ರೆನಿಟಾ ತೋರಿಸಿದ ಬೀದಿಯ ವಿಷಯ ಎತ್ತಿದಾಗ ನಮ್ಮ ಮ್ಯಾನೇಜರರ ಮುಖ ಬಿಳಿಚಿಕೊಂಡಿತು. ಅವರಿಗೂ ಗೊತ್ತಿರಲಿಲ್ಲ. ಅದರ ಮುಂದಿನ ವಾರ ನಮ್ಮ ಗಾಜಿಗೂ ಕಾಗದ ಅಂಟಿಸಿದರು. ಅಂಗಡಿ ಖಾಲಿಯಾಗುವ ದಿನಗಳಲ್ಲಿ ರುಸ್ತಾಕ್‌ನ ಮೌಝಾ ಟೀಚರ್ ಬಂದರು. ಶಾಲೆ ಶುರುವಾಗುವ ಮುಂಚೆ ಮೊಮ್ಮಕ್ಕಳ ಹಿಂಡನ್ನೇ ಕಟ್ಟಿಕೊಂಡು ಬರುತ್ತಿದ್ದರಲ್ಲ, ಅವರೇ. ಹೋದ ವರ್ಷ ಬಂದಿರಲಿಲ್ಲ. ಖಾಲಿ ಕಪಾಟುಗಳನ್ನು ನೋಡಿದರು, ನನ್ನನ್ನು ನೋಡಿದರು. "ವೇನ್ ಲಿಲ್ಲಿ?" ಎಂದರು. ಲಿಲ್ಲಿ ಎಲ್ಲಿ ಎಂದು ಕೇಳಿದವರಿಗೆ ನಾನು ಹೇಳಿದೆ. ಅವರು ಸ್ಟೂಲಿನ ಮೇಲೆ ಕುಸಿದು, ಬಾಯಿಗೆ ಕರಿ ನಿಲುವಂಗಿ ಅಬಾಯದ ತುದಿ ಒತ್ತಿಕೊಂಡು, ನಿಮಗಾಗಿ ಪ್ರಾರ್ಥಿಸಿದರು.

ಹೊರಡುವಾಗ ಅವರು ಒಂದು ಮಾತು ಕೇಳಿದರು. ರುಸ್ತಾಕ್ ಕೋಟೆಯ ಹತ್ತಿರದ ಪೇಟೆಯಲ್ಲಿ ಅವರ ತಮ್ಮನದೊಂದು ಮಳಿಗೆ ಖಾಲಿ ಬಿದ್ದಿದೆಯಂತೆ. ಮಕ್ಕಳ ಚಪ್ಪಲಿ, ಬೂಟು ಇಟ್ಟರೆ ನೀನು ನಡೆಸುತ್ತೀಯಾ? ಇಲ್ಲಿಂದ ಎರಡು ಗಂಟೆಯ ದಾರಿ, ಅಲ್ಲೇ ಇರಬೇಕಾಗುತ್ತದೆ. ಮನೆಗೆ ಬಂದು ಉಮೇಶರನ್ನು ಕೇಳಿದೆ. ವಾರದ ಕೊನೆಗೆ ನಾನೇ ಬರುತ್ತೇನೆ, ನೀನು ಹೋಗು ಅಂದರು. ಕಾಗದಪತ್ರ ಎಲ್ಲ ಆಗಿದೆ, ಮೌಝಾರ ತಮ್ಮನೇ ಈಗ ನನ್ನ ವೀಸಾಕ್ಕೆ ಜಾಮೀನು ನಿಂತ ಕಫೀಲ್. ಮುಂದಿನ ಭಾನುವಾರ ಬಾಗಿಲು ತೆಗೆಯುತ್ತೇವೆ. ಮೊನ್ನೆ ಮೌಝಾರ ಸೊಸೆ, ಫೋನಿನಲ್ಲಿ ಆರ್ಡರ್ ತೆಗೆದುಕೊಂಡು ಮನೆಮನೆಗೆ ಕಳಿಸದಿದ್ದರೆ ಈ ಕಾಲದಲ್ಲಿ ನಡೆಯುತ್ತದೆಯೇ ಎಂದು ಕೇಳಿದಳು. ನಡೆಯುತ್ತದೋ ಇಲ್ಲವೋ, ಸತ್ಯವಾಗಿ ನನಗೂ ಗೊತ್ತಿಲ್ಲ ಬಾಯಿ. ಆದರೂ ಅವಳಿಗೆ ಖಡಾಖಂಡಿತ ಹೇಳಿಬಿಟ್ಟೆ: ಇಲ್ಲಿಂದ ಒಂದು ಚಪ್ಪಲಿಯೂ ಪಾರ್ಸೆಲ್ ಹೋಗುವುದಿಲ್ಲ. ಬೇಕಾದವರು ಕಾಲು ತಗೊಂಡು ಬರಲಿ.

ನಿಮ್ಮ
ಸುಮತಿ