ಗುರುವಾರ ಸಂಜೆ ಏಳು ಗಂಟೆಗೆ

ಪಟಾಲಮ್ಮಕ್ಕನವರಿಗೆ, ಪುಟ್ಟೇನಹಳ್ಳಿಯಿಂದ ಅನಂತರಾಜು ತಲೆ ತಗ್ಗಿಸಿ ಮಾಡುವ ನಮಸ್ಕಾರ.

ಕ್ಷೇಮವಾಗಿ ಬಂದು ತಲುಪಿದೆ. ನೀವು ಕಟ್ಟಿಕೊಟ್ಟ ಚಪಾತಿ, ಚಟ್ನಿಪುಡಿ ವಿಮಾನದಲ್ಲೇ ಖಾಲಿಯಾಯಿತು. ಬಂದ ಮೇಲೆ ನಿಮಗೆ ಫೋನ್ ಮಾಡಿದೆನಲ್ಲ, ಆಗಲೇ ಹೇಳಬೇಕಿತ್ತು. ನಿಮ್ಮ ದನಿ ಕೇಳಿದ ಕೂಡಲೇ ಲೆಸ್ಟರ್‌ನಲ್ಲಿ ಚಳಿ ಹೇಗಿದೆ ಎಂದು ವಿಚಾರಿಸಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ದಯವಿಟ್ಟು ನೀವೊಬ್ಬರೇ ಕೂತು ಓದಿ.

ನಾನು ಹೊರದೇಶಕ್ಕೆ ಹೊರಟಿದ್ದೇ ಜಂಬದಿಂದ. ಸೋಮನಾಥ ಮೇಷ್ಟ್ರು ತೀರಿಕೊಂಡ ಮೇಲೆ ಆಚೆ ಇರುವ ನಮ್ಮ ಬಳಗದವರನ್ನು ಯಾರೂ ಹೋಗಿ ನೋಡಿಲ್ಲ, ಅವರ ಗುರುವಾರದ ಧ್ಯಾನ ಹದ ತಪ್ಪಿದೆಯೋ ಏನೋ, ವಿಚಾರಿಸಿಕೊಂಡು ಬರುತ್ತೇನೆ ಎಂದು ಇಲ್ಲಿ ಎಲ್ಲರೆದುರು ಭಾಷಣ ಬಿಗಿದಿದ್ದೆ. ಹೊಸ ಶಾಲು ಬೇರೆ ಕೊಂಡಿದ್ದೆ.

ಮೊದಲು ಹೋದದ್ದು ಸಿಂಗಪುರದ ದಿವ್ಯಳ ಮನೆಗೆ. ಗುರುವಾರ ರಾತ್ರಿ ಅವಳು ಮಗುವನ್ನು ಮಲಗಿಸಿ, ಟಿವಿ ಆರಿಸಿ, ಎರಡು ಚಾಪೆ ಹಾಸಿದಳು. "ಬನ್ನಿ ಅಂಕಲ್, ಊರಲ್ಲಿ ಏಳಾಯ್ತು. ಎಲ್ರೂ ಕೂತಿರ್ತಾರೆ" ಅಂದಳು. ಪಾಪ, ಇವಳೊಬ್ಬಳಿಗೆ ವಿಷಯ ತಿಳಿದಿಲ್ಲ ಎಂದುಕೊಂಡು ಸುಮ್ಮನೆ ಕಣ್ಣು ಮುಚ್ಚಿದೆ. ಮುಂದಿನ ಗುರುವಾರ ಮಸ್ಕತ್‌ನಲ್ಲಿದ್ದೆ. ನಮ್ಮ ಆರ್‌ಟಿ ನಗರದ ಮನ್ಸೂರ್ ಅಲ್ಲಿ ಟ್ಯಾಕ್ಸಿ ಓಡಿಸುತ್ತಾನಲ್ಲ, ನನಗೆ ಸಮುದ್ರ ತೋರಿಸಲು ಕರೆದೊಯ್ಯುತ್ತಿದ್ದವನು ಇದ್ದಕ್ಕಿದ್ದಂತೆ ಕಾರನ್ನು ರಸ್ತೆ ಪಕ್ಕಕ್ಕೆ ತೆಗೆದು ನಿಲ್ಲಿಸಿದ. "ಹತ್ತೇ ನಿಮಿಷ ಅಂಕಲ್. ಗಿರಾಕಿ ಇದ್ರೂ ನಿಲ್ಲಿಸ್ತೀನಿ. ಪುಟ್ಟೇನಹಳ್ಳೀಲಿ ಅಷ್ಟೂ ಜನ ಕೂತಿರ್ವಾಗ ನಾನೊಬ್ಬ ಗಾಡಿ ಓಡಿಸ್ಕೊಂಡಿದ್ರೆ ಚೆನ್ನಾಗಿರುತ್ತಾ" ಅಂದ. ಅವನ ಪಕ್ಕದ ಸೀಟಿನಲ್ಲಿ ಕೂತು ಬೆವೆತುಬಿಟ್ಟೆ.

ಅಕ್ಕಾ, ಪುಟ್ಟೇನಹಳ್ಳಿಯಲ್ಲಿ ಗುರುವಾರ ಯಾರೂ ಕೂರುವುದಿಲ್ಲ.

ಮೇಷ್ಟ್ರು ಇರುವವರೆಗೆ ಕೂತೆವು. ಅವರು ಹೋದ ಮೇಲೆ ಯಶವಂತಪುರ, ಆರ್‌ಟಿ ನಗರದಿಂದ ಬರುವವರು ಹೆಬ್ಬಾಳದ ವಾಹನಗಳ ಸಾಲಿನಲ್ಲಿ ಸಿಕ್ಕಿಹಾಕಿಕೊಂಡು ತಡವಾಗಿ ಬರತೊಡಗಿದರು. ಏಳು ಏಳೂವರೆಯಾಯಿತು, ಎಂಟಾಯಿತು. ಆಮೇಲೆ ಭಾನುವಾರ ಬೆಳಗ್ಗೆಯೇ ಅನುಕೂಲ, ತಿಂಡಿಯೂ ಆಗುತ್ತದೆ ಅಂದರು. ಹೂಂ ಅಂದವನು ನಾನೇ. ಈಗ ಗುರುವಾರ ಸಂಜೆ ನಮ್ಮ ಹಾಲ್‌ನಲ್ಲಿ ಜುಂಬಾ ಕುಣಿತದ ಕ್ಲಾಸ್ ನಡೆಯುತ್ತದೆ.

ನಿಮಗೆ ಯಾಕೆ ತಿಳಿಸಲಿಲ್ಲ ಎಂದರೆ, ಮೇಷ್ಟ್ರ ಕಟ್ಟಳೆ ನೆನಪಿದೆಯಲ್ಲ. ಕೂತೆಯಾ ಎಂದು ಯಾರೂ ಯಾರನ್ನೂ ಕೇಳಬಾರದು, ಕೂತೆ ಎಂದು ಯಾರೂ ಹೇಳಿಕೊಳ್ಳಬಾರದು, ಫೋಟೊ ಹಾಕಬಾರದು, ನಂಬಿಕೆಯೇ ಸಾಕು ಎಂದಿದ್ದರು. ನೀವುಗಳು ಕೇಳಲಿಲ್ಲ. ನಾವು ಆ ಕಟ್ಟಳೆಯ ಮರೆಯಲ್ಲಿ ಹಾಯಾಗಿದ್ದೆವು.

ಮೂರನೆಯ ಗುರುವಾರ ನಿಮ್ಮ ಮನೆಯಲ್ಲಿದ್ದೆ. ಅಡುಗೆಮನೆಯಲ್ಲಿ ಎರಡು ಗಡಿಯಾರ ನೋಡಿ, ಇದೇನಕ್ಕ ಎಂದು ನಗಾಡಿದೆ. "ಒಂದು ಇಲ್ಲೀದು, ಇನ್ನೊಂದು ನಮ್ಮೂರ್ದು ಕಣಪ್ಪಾ. ಈ ಇಂಗ್ಲೆಂಡ್ನೋರು ವರ್ಸಕ್ಕೆ ಎರಡ್ ಸಲ ಮುಳ್ಳು ಇಂದೆ ಮುಂದೆ ಮಾಡ್ತಾರೆ. ನಾನು ನಮ್ಮೂರ್ದು ಮುಟ್ಟಾಕಿಲ್ಲ" ಅಂದಿರಿ. ಮಧ್ಯಾಹ್ನದ ಊಟದ ತಟ್ಟೆ ಹಾಗೇ ಮುಚ್ಚಿಟ್ಟು ಕೂತಿರಿ. ಎದ್ದ ಮೇಲೆ ಅನ್ನ ಬಡಿಸುತ್ತಾ ನಿಮ್ಮ ಯಜಮಾನರು ಲಕ್ಕಣ್ಣನವರು ಹೋದ ದಿನದ ಮಾತು ತೆಗೆದಿರಿ. ಆಸ್ಪತ್ರೆಯಲ್ಲಿ ಅವರ ಉಸಿರು ನಿಂತದ್ದು ಗುರುವಾರ, ಅದೇ ಹೊತ್ತಿನಲ್ಲಿ. ಮಗಳು ಇನ್ನೂ ದಾರಿಯಲ್ಲಿದ್ದಳು. "ಕೈ ಇಡ್ಕೊಂಡು ಕೂತಿದ್ದೆ. ಎದ್ರಿಕೆ ಆಗ್ನಿಲ್ಲ. ಅಲ್ಲಿ ನೀವೆಲ್ಲ ಕಣ್ಮುಚ್ಕೊಂಡು ಕೂತಿದ್ರಲ್ಲ, ನಾನೊಬ್ಳೇ ಅಂತ ಅನ್ನಿಸ್ನೇ ಇಲ್ಲ. ನಿಮ್ ರುಣ ಯಾವತ್ತು ತೀರಿಸ್ಲಪ್ಪಾ" ಅಂದು ನನಗೆ ಕೈಮುಗಿದಿರಿ. ನನಗಿಂತ ಹಿರಿಯರು ನೀವು. ನಾನು ನಿಮ್ಮಿಂದ ಕೈ ಮುಗಿಸಿಕೊಂಡು, ಇನ್ನೊಂದು ತುತ್ತು ಅನ್ನ ನುಂಗಿದೆ.

ಆ ಗುರುವಾರ ನಾನೆಲ್ಲಿದ್ದೆ ಎಂದು ನನಗೆ ಚೆನ್ನಾಗಿ ಗೊತ್ತು. ಯಶವಂತಪುರದ ಒಂದು ಛತ್ರದಲ್ಲಿ, ನೆಂಟರ ಮದುವೆಯ ಆರತಕ್ಷತೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಜಾಗ ಸಿಗಲಿಲ್ಲವೆಂದು ಹಾರಾಡುತ್ತಿದ್ದೆ. ಬಾಯಲ್ಲಿ ಬೀಡಾ ಇರುವಾಗ ನಿಮ್ಮ ಮಗಳ ಫೋನ್ ಬಂತು.

ಊರಿಗೆ ಬಂದು ಭಾನುವಾರ ತಿಂಡಿಯ ಹೊತ್ತಿಗೆ ಎಲ್ಲರಿಗೂ ಇದನ್ನು ಹೇಳಿದೆ. ನಮ್ಮ ಬಳಗದ ಸತೀಶ್, "ಅದಕ್ಕೇನ್ ಸರ್, ಟೈಮ್ ಚೇಂಜ್ ಆಗಿದೆ ಅಂತ ಒಂದ್ ಮೆಸೇಜ್ ಹಾಕ್ಬಿಡೋಣ" ಅಂದ. ಅವನ ಮೇಲೆ ರೇಗಿದೆ. ರೇಗುವ ಹಕ್ಕು ನನಗೇನೂ ಇರಲಿಲ್ಲ. ಮೆಸೇಜ್ ಹಾಕದೆ ಇಷ್ಟು ಕಾಲ ಕೂತಿದ್ದವನು ನಾನು.

ನಿಮಗೆ ಇದನ್ನು ತಿಳಿಸದೆ ಇರಬಹುದಿತ್ತು. ಸಾವಿನ ಹೊತ್ತಿನಲ್ಲಿ ನಿಮಗೆ ಸಿಕ್ಕ ಒಂದು ಸಮಾಧಾನವನ್ನು ಕಿತ್ತುಕೊಳ್ಳುವುದು ಯಾವ ಧರ್ಮ ಎಂದು ಎಷ್ಟೋ ದಿನ ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಅದು ನಿಮ್ಮ ಮೇಲಿನ ಕರುಣೆಯಲ್ಲ, ನನ್ನ ಮಾನ ಉಳಿಸಿಕೊಳ್ಳುವ ಉಪಾಯ. ಮತ್ತೆ, ಹೇಳದಿದ್ದರೆ ಇನ್ನೊಂದು ಅನ್ಯಾಯವೂ ಆಗುತ್ತಿತ್ತು. ಮನ್ಸೂರ್‌ಗೆ ಫೋನ್ ಮಾಡಿ, ಮೊದಲ ಸಲ ಕಟ್ಟಳೆ ಮುರಿದು, ಆ ಗುರುವಾರ ಕೂತಿದ್ದೆಯಾ ಎಂದು ಕೇಳಿದೆ. ಯಾವ ವಾರ ತಪ್ಪಿಸಿದೀನಿ ಅಂಕಲ್ ಅಂದ. ದಿವ್ಯಳೂ ಕೂತಿದ್ದಳಂತೆ, ಜ್ವರದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು.

ಹಾಗಾಗಿ ಆ ಮಧ್ಯಾಹ್ನ ನೀವು ಒಬ್ಬರೇ ಇರಲಿಲ್ಲ ಅಕ್ಕಾ. ನಿಮಗೆ ಅನ್ನಿಸಿದ್ದು ಸುಳ್ಳಲ್ಲ. ನಿಮ್ಮ ಜೊತೆ ಇದ್ದವರು ಅವರಿಬ್ಬರು. ನೀವು ಮುಗಿದ ಕೈ ಅವರಿಗೆ ಸೇರಬೇಕಾದದ್ದು. ಅದನ್ನು ನಾನು ನಿಮ್ಮ ಮನೆಯಲ್ಲಿ ಕೂತು ಕದ್ದುಕೊಂಡು ಬಂದೆ.

ನನಗೆ ಹರಸಬೇಡಿ. ದಿವ್ಯಳ ಮಗುವಿಗೆ, ರಸ್ತೆ ಪಕ್ಕ ಕಾರು ನಿಲ್ಲಿಸುವ ಮನ್ಸೂರ್‌ಗೆ ನಿಮ್ಮ ಬಾಯಿಂದಲೇ ಒಳ್ಳೆಯದಾಗಲಿ ಎನ್ನಿ.

ನಿಮ್ಮವನು ಎನ್ನಲು ನಾಚುವ,
ಅನಂತರಾಜು